ಗುಡಾರದಿಂದ ಚಾಚಿದ ಕೈ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕುಳಿತು ಎದ್ದಿದ್ದೇನೋ ನನಗೇ ಗೊತ್ತಿಲ್ಲ. ಮೊದಲು ಕಣ್ಣಿನ ಪೊರೆಯ ಆಪರೇಷನ್ ಮುಗಿಯಲಿ ಎಂದೆ. ಅದು ಮುಗಿಯಿತು. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿದು ಮನೆ ಶಾಂತವಾಗಲಿ ಎಂದೆ. ಅದೂ ಆಯಿತು. ಕಡೆಗೆ, ಎಸ್ಸೆಸ್ಸೆಲ್ಸಿ ಓದಿದ ನನ್ನಂಥವನು ಏನು ಬರೆದಾನು ಎಂಬ ನೆಪ ಉಳಿಯಿತು. ಆದರೆ ಆ ದೂರಿನ ಅರ್ಜಿ ಬರೆಯುವಾಗ ಈ ನೆಪ ನನಗೆ ಹೊಳೆದಿರಲಿಲ್ಲ. ಅವತ್ತು ಎರಡು ಪುಟವನ್ನು ಒಂದೂ ಚಿತ್ತಿಲ್ಲದೆ ಬರೆದು ಮುಗಿಸಿದ್ದೆ. ಅದರಲ್ಲಿದ್ದದ್ದೆಲ್ಲ ಸುಳ್ಳು.

ನಾನು ಬೆಳಗಾವಿಯ ಶಿವಬಸವ ನಗರದವನು. ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಕೈಬರಹ ಚೆನ್ನಾಗಿತ್ತು. ಯಾರ ರಜೆಯ ಅರ್ಜಿಯಾದರೂ, ಯಾರ ಮೇಲಿನ ದೂರಾದರೂ ನನ್ನ ಟೇಬಲ್ಲಿಗೇ ಬರುತ್ತಿತ್ತು. ನಿವೃತ್ತನಾದ ಮೇಲೆ ಭಾನುವಾರ ಬೆಳಿಗ್ಗೆ ಯಳ್ಳೂರ ಗುಡ್ಡ ಹತ್ತುವ ಒಂದು ಗುಂಪು ಸೇರಿದೆ. ಖಾಸಬಾಗದ ನನ್ನ ಗೆಳೆಯನೇ ನನ್ನನ್ನು ಅಲ್ಲಿಗೆ ಎಳೆದದ್ದು. ಅವನು ಮಗ್ಗದವನು. ವಯಸ್ಸಿನಲ್ಲಿ ನನಗಿಂತ ದೊಡ್ಡವನಾದರೂ ಗುಡ್ಡದ ಮೇಲೆ ಆಡಿನಂತೆ ಹೋಗುತ್ತಿದ್ದ. ನಾನು ಅವನಿಗಿಂತ ಹಿಂದೆ ಬಿದ್ದರೂ ಮಾತಿನಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದೆ.

ಟಿಳಕವಾಡಿಯಲ್ಲಿ ಒಂದು ಟ್ರೆಕ್ಕಿಂಗ್ ಕಂಪನಿ ಇತ್ತು. ಎರಡನೆಯ ಅಂತಸ್ತಿನಲ್ಲಿ ಎರಡು ಕೋಣೆ, ಗೋಡೆಯ ತುಂಬ ನೇಪಾಳದ, ಆಫ್ರಿಕಾದ, ರಷ್ಯಾದ ಹಿಮದ ಬೆಟ್ಟಗಳ ಫೋಟೋ. ಜನರನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿಕೊಂಡು ಬರುವುದೇ ಅವರ ಕಸುಬು. ಮಾಲೀಕ ನಲವತ್ತೈದರ ಮನುಷ್ಯ, ಒಳ್ಳೆಯ ಮಾತುಗಾರ. ಅರವತ್ತು ದಾಟಿದವರನ್ನೂ ಹಿಮಾಚಲದ ಒಂದು ಕಣಿವೆ ದಾಟಿಸುತ್ತೇನೆ ಎಂದ. ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ, ಎರಡು ಶಿಖರಗಳ ನಡುವೆ ಹಾದು ಆಚೆ ಇಳಿಯುವ ಕಣಿವೆ. ಹನ್ನೊಂದು ಜನ ಹೆಸರು ಕೊಟ್ಟೆವು. ಖಾಸಬಾಗದಲ್ಲೇ ಇರುವ ನನ್ನ ತಮ್ಮ ಇದನ್ನು ಕೇಳಿ, ನನ್ನ ಮನೆಯವರ ಎದುರೇ, "ನೀ ಅರ್ಧಾ ದಾರಿಯಿಂದ ಹೊಳ್ಳಿ ಬರಾಂವ ಬಿಡ" ಎಂದ. ಆ ಮಾತು ನನ್ನ ಚೀಲದಲ್ಲಿ ಎಲ್ಲಕ್ಕಿಂತ ಭಾರದ ಸಾಮಾನಾಯಿತು.

ನಮ್ಮನ್ನು ಕರೆದೊಯ್ಯುವ ಗೈಡ್ ಯಾರು ಎಂದು ಮಾಲೀಕ ತೋರಿಸಿದಾಗ ನಾನು ನಕ್ಕೆ. ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಖಾನಾಪುರದ ಕಾಡಿನೊಳಗಿನ ಗೌಳಿವಾಡದವಳು. ಎಮ್ಮೆ ಕಾಯುವ ಮನೆತನ. ಕಾಡು ನೋಡಲು ಬರುವವರ ಚೀಲ ಹೊರುವುದರಿಂದ ಶುರು ಮಾಡಿ, ದಾರಿ ತೋರಿಸುವವಳಾಗಿ, ಆಮೇಲೆ ಉತ್ತರಕ್ಕೆ ಹೋಗಿ ಪರ್ವತಾರೋಹಣದ ಎರಡೂ ಕೋರ್ಸು ಪಾಸು ಮಾಡಿಕೊಂಡು ಬಂದಿದ್ದಳು. ಈ ಸಲ ನಮ್ಮನ್ನು ಸುರಕ್ಷಿತವಾಗಿ ದಾಟಿಸಿ ತಂದರೆ ಬರುವ ವರ್ಷ ಆಫ್ರಿಕಾದ ಬೆಟ್ಟಕ್ಕೆ ಎರಡನೆಯ ಗೈಡ್ ಆಗಿ ಆಕೆಯನ್ನು ಕಳಿಸುತ್ತೇನೆಂದು ಮಾಲೀಕ ಎಲ್ಲರ ಎದುರು ಹೇಳಿದ. ಆಕೆ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡಿದ್ದಳು. ಆಕೆಯ ವಾಡದಲ್ಲಿ ಅದು ಮೊದಲನೆಯದಂತೆ. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ದಾರಿಯಿಲ್ಲ.

ತಯಾರಿಗೆಂದು ಎರಡು ತಿಂಗಳು ನಮ್ಮನ್ನು ಖಾನಾಪುರದ ಕಾಡಿನಲ್ಲಿ ನಡೆಸಿದಳು. ಅಲ್ಲಿಂದಲೇ ನನ್ನ ಕಿರಿಕಿರಿ ಶುರುವಾಯಿತು. ಜೋರಾಗಿ ನಡೆಯಬಾರದು, ನಡೆಯುತ್ತ ಮಾತಾಡಲು ಉಸಿರು ಉಳಿಯಬೇಕು ಎನ್ನುವಳು. ಚೀಲ ಬಿಚ್ಚಿಸಿ ನೋಡುವಳು. ನನ್ನ ಚೀಲದಿಂದ ಎರಡು ಡಬ್ಬಿ ಕರದಂಟು ತೆಗೆಸಿ, ಒಂದು ಸಾಕು ಎಂದಳು. ಕಾರ್ಖಾನೆಯಲ್ಲಿ ನಾನು ಚೀಟಿ ಬರೆದು ಕೊಡದೆ ಒಂದು ಬೋಲ್ಟು ಹೊರಗೆ ಹೋಗುತ್ತಿರಲಿಲ್ಲ. ಈಗ ಎಮ್ಮೆಯ ಹಿಂದೆ ಬೆಳೆದವಳು ನನ್ನ ಡಬ್ಬಿ ಎಣಿಸುತ್ತಾಳೆ. ಒಂದು ದಿನ ಏರಿನಲ್ಲಿ ಸಾಲಾಗಿ ನಡೆಯುವಾಗ, ಆಕೆಗೆ ಕೇಳಲೆಂದೇ, "ನಮ್ಮನ್ನ ಎಮ್ಮಿ ಮಾಡಿ ಮೇಸಾಕ ಹೊಡಕೊಂಡ ಹೊಂಟಾಳ ನೋಡ್ರಿ" ಎಂದೆ. ಎಲ್ಲರೂ ನಕ್ಕರು. ಆಕೆ ತಿರುಗಿಯೂ ನೋಡದೆ ಉತ್ತರ ಕೊಟ್ಟಳು.

"ಎಮ್ಮಿ ಆಗಿದ್ರ ನನಗ ಚಿಂತಿನ ಇರ್ತಿದ್ದಿಲ್ಲ ಕಾಕಾ. ಎಮ್ಮಿಗಿ ಆರಾಮ ಇರಲಿಲ್ಲಂದ್ರ ಮೇವು ಬಿಡತೈತಿ. ಸುಳ್ಳ ಹೇಳೂದಿಲ್ಲ."

ಈ ಸಲ ಜನ ಇನ್ನೂ ಜೋರಾಗಿ ನಕ್ಕರು. ನನ್ನ ಗೆಳೆಯನೂ ನಕ್ಕ. ಅಂದಿನಿಂದ ನಾನು ಆಕೆಯನ್ನು ಹಗೆಯಂತೆ ಕಂಡೆ. ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಆಕೆ ಬಲಕ್ಕೆ ಎಂದರೆ ಎಡಕ್ಕೆ ಏನಿದೆ ಎಂದು ಕೇಳುತ್ತಿದ್ದೆ. ನೀರು ಕುಡಿಯಿರಿ ಎಂದರೆ ನೀರಡಿಕೆಯಿಲ್ಲ ಎನ್ನುತ್ತಿದ್ದೆ. ಆಕೆ ಪ್ರತಿ ಸಲ "ಕಾಕಾ" ಎಂದೇ ಕರೆದಳು. ನಾನು ಒಮ್ಮೆಯೂ ಆಕೆಯ ಹೆಸರು ಹಿಡಿದು ಕರೆಯಲಿಲ್ಲ. "ಏ ಗೈಡ್" ಎನ್ನುತ್ತಿದ್ದೆ.

ಹಿಮಾಚಲದಲ್ಲಿ ಒಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಚಹಾ ಬರುವ ಹೊತ್ತಿಗೆ ಆಕೆ ಒಂದೊಂದೇ ಗುಡಾರದ ಬಾಗಿಲಿಗೆ ಬಂದು ಕೂರುವಳು. ಚಳಿ ಒಳಗೆ ನುಗ್ಗದಿರಲೆಂದು ನಾವು ಬಾಗಿಲ ಜಿಪ್ಪನ್ನು ಗೇಣುದ್ದ ತೆರೆದು ಕೈಯನ್ನಷ್ಟೇ ಹೊರಗೆ ಚಾಚುತ್ತಿದ್ದೆವು. ಬಟ್ಟೆಗೆ ಹಾಕುವ ಕ್ಲಿಪ್ಪಿನಂಥ ಸಣ್ಣ ಮಷೀನನ್ನು ಬೆರಳಿಗೆ ಕಚ್ಚಿಸುವಳು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ಅದು ತೋರಿಸುತ್ತದೆ. ಆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಎಪ್ಪತ್ತೈದಕ್ಕಿಂತ ಕೆಳಗಿಳಿದರೆ ಆ ಮನುಷ್ಯ ಮೇಲೆ ಹೋಗುವಂತಿಲ್ಲ, ಕೆಳಗಿಳಿಯಬೇಕು. ವಾದವಿಲ್ಲ. ಬೆಳಗಾವಿಯಲ್ಲೇ ಇದಕ್ಕೆ ನಾವೆಲ್ಲ ಸಹಿ ಮಾಡಿ ಒಪ್ಪಿದ್ದೆವು.

ಮೂರನೆಯ ಕ್ಯಾಂಪಿನಲ್ಲಿ ನನ್ನ ಆರೋಗ್ಯ ಕೆಟ್ಟಿತು. ಹೊತ್ತು ಮುಳುಗುವ ಮುಂದೆ ತಲೆ ಸಿಡಿಯತೊಡಗಿತು. ಒಂದು ಬಂಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡು, ಕಾಲಿನಿಂದ ಮಣ್ಣು ಮುಚ್ಚಿ ಬಂದೆ. ಮರುದಿನ ಕಣಿವೆ ದಾಟುವ ದಿನ. ನನ್ನ ಬೆರಳಿಗೆ ಆ ಮಷೀನು ಕಚ್ಚಿದರೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ನನ್ನ ತಮ್ಮನ ಮುಖ ಕಣ್ಣೆದುರು ಬಂತು.

ಗೆಳೆಯನೂ ನಾನೂ ಒಂದೇ ಗುಡಾರದಲ್ಲಿದ್ದೆವು. ಬೆಳಿಗ್ಗೆ ಅವನಿಗೆ ಹೇಳಿದೆ: ಮೊದಲು ನಿನ್ನ ಬಲಗೈ ಕೊಡು, ಆಮೇಲೆ ನನ್ನ ಉಂಗುರ ಹಾಕಿಕೊಂಡು ಎಡಗೈ ಕೊಡು. ಅವನು ಒಪ್ಪಲಿಲ್ಲ. ಹುಚ್ಚನೇನೋ ನೀನು, ಸತ್ತರೆ ನಿನ್ನ ಹೆಂಡತಿಗೆ ನಾನೇನು ಹೇಳಲಿ ಎಂದು ಪಿಸುಗುಟ್ಟಿದ. ಅವನ ಮಗನಿಗೆ ನಮ್ಮ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವನು ನಾನು ಎಂಬುದನ್ನು ಆಗ ಅವನಿಗೆ ನೆನಪು ಮಾಡಿಕೊಟ್ಟೆ. ಅಲ್ಲಿಯವರೆಗೆ ಆ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಅವನು ನನ್ನ ತಾಮ್ರದ ಉಂಗುರ ತೊಟ್ಟುಕೊಂಡ.

ಬಲಗೈಗೆ ಎಂಬತ್ತೆಂಟು ಬಂತು. ಎಡಗೈಗೆ ಎಂಬತ್ತೇಳು. ಅಂಕಿಗಳನ್ನು ಆಕೆ ಗಟ್ಟಿಯಾಗಿಯೇ ಓದಿದಳು. ಎರಡನೆಯದನ್ನು ಬರೆದುಕೊಳ್ಳುವ ಪೆನ್ನಿನ ಸದ್ದು ಮಾತ್ರ ಕೇಳಿಸಲಿಲ್ಲ. ಕಡೆಗೆ, ಕಾಕಾ ಸ್ವಲ್ಪ ಮುಖ ತೋರಿಸ್ರಿ ಎಂದಳು. ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು ತಲೆ ಹೊರಗಿಟ್ಟೆ. ಅಡುಗೆಯವರು ಬಂಡೆಯ ಹಿಂದೆ ಯಾರೋ ವಾಂತಿ ಮಾಡಿಕೊಂಡದ್ದನ್ನು ನೋಡಿದ್ದಾರೆ, ನೀವಾ ಎಂದು ಕೇಳಿದಳು. ಅಲ್ಲ ಎಂದೆ. ಉಳಿದವರು ಹತ್ತಿರದಲ್ಲೇ ಚಹಾ ಕುಡಿಯುತ್ತಿದ್ದರು. ಆಕೆ ಇನ್ನಷ್ಟು ಹತ್ತಿರ ಬಗ್ಗಿ, ಅವರಿಗೆ ಕೇಳದಂತೆ ಸಣ್ಣ ದನಿಯಲ್ಲಿ ಹೇಳಿದಳು.

"ಲಿಂಗ ಮುಟ್ಟಿ ಹೇಳ್ರಿ ಕಾಕಾ. ನಮ್ಮವ್ವ ಬೀಡಿ ಊರ ಕಡೆ ನಿಮ್ಮವರ ಮನಿಗೋಳಿಗೆ ಬೆಣ್ಣಿ ಹಾಕತಿದ್ಲು. ತೂಕದಾಗ ಜಗಳಾ ಬಂದ್ರ, ಅವರು ಲಿಂಗ ಮುಟ್ಟಿ ಹೇಳಿದ್ರಂದ್ರ ಮುಗೀತು, ಅವ್ವ ಮುಂದ ಮಾತಾಡತಿರಲಿಲ್ಲ. ನೀವೂ ಮುಟ್ಟಿ ಹೇಳ್ರಿ. ನಾನೂ ಮಾತಾಡೂದಿಲ್ಲ."

ನನ್ನ ಎದೆಯ ಮೇಲೆ, ಎರಡು ಸ್ವೆಟರಿನ ಕೆಳಗೆ, ಎಂಟನೆಯ ವರ್ಷದಲ್ಲಿ ಗುರುಗಳು ಕೈಗೆ ಕೊಟ್ಟ ಲಿಂಗ ಇತ್ತು. ಸ್ವೆಟರಿನ ಮೇಲಿಂದ ಕೈಯಿಟ್ಟೆ. "ಆರಾಮ ಅದೀನಿ" ಎಂದೆ. ಆಕೆ ತಲೆಯಾಡಿಸಿ, ನೋಟ್‌ಬುಕ್ಕಿನಲ್ಲಿ ಎಂಬತ್ತೇಳು ಎಂದು ಬರೆದುಕೊಂಡು ಎದ್ದು ಹೋದಳು. ನನ್ನ ಗೆಳೆಯ ಗೋಡೆಯ ಕಡೆ ಮುಖ ಮಾಡಿ ಉಂಗುರ ತೆಗೆದು ನನ್ನ ಹಾಸಿಗೆಯ ಮೇಲೆ ಎಸೆದ.

ಕಣಿವೆಗೆ ಇನ್ನು ಎರಡು ತಾಸಿನ ದಾರಿ ಇತ್ತು. ಹಿಮ ಉದುರತೊಡಗಿತ್ತು. ನನ್ನ ಕಾಲುಗಳು ಹೇಳಿದಂತೆ ಕೇಳುವುದನ್ನು ಬಿಟ್ಟವು. ಕುಡಿದವನಂತೆ ಅಡ್ಡಾದಿಡ್ಡಿ ಹೋಗುತ್ತಿದ್ದೆನಂತೆ. ಆಕೆ ಹಿಮದಲ್ಲಿ ಕೋಲಿನಿಂದ ಗೆರೆ ಎಳೆದು, ಇದರ ಮೇಲೆ ನಡೆಯಿರಿ ಎಂದಳು. ಎರಡು ಹೆಜ್ಜೆಗೆ ಬಿದ್ದೆ. ಎತ್ತಲು ಬಂದ ಆಕೆಯನ್ನು ನೂಕಿ, ಎಮ್ಮೆ ಕಾಯುವವಳೇ ಎಂದು ಶುರು ಮಾಡಿ, ಇಲ್ಲಿ ಬರೆಯಲಾಗದ ಮಾತುಗಳನ್ನು ಬೈದೆ. ತಲೆಗೆ ಗಾಳಿ ಸಾಲದೆ ಬೈದದ್ದು ಎಂದು ಆಮೇಲೆ ಎಲ್ಲರೂ ಅಂದರು. ಹಾಗಲ್ಲ. ಆ ಮಾತುಗಳೆಲ್ಲ ಖಾನಾಪುರದ ಕಾಡಿನಲ್ಲೇ ನನ್ನೊಳಗೆ ತಯಾರಾಗಿದ್ದವು.

ಆಕೆ ಎತ್ತರದ ಕಾಯಿಲೆಗೆಂದು ಇಟ್ಟುಕೊಂಡಿದ್ದ ಔಷಧಿಯ ಸೂಜಿಯನ್ನು ಪ್ಯಾಂಟಿನ ಮೇಲಿಂದಲೇ ನನ್ನ ತೊಡೆಗೆ ಚುಚ್ಚಿದಳು. ಜೊತೆಗಿದ್ದವನು ಅಲ್ಲಿಯ ಬೆಟ್ಟದೂರಿನವನಾದ ಪಹಾಡಿ ಗೈಡ್ ಒಬ್ಬನೇ. ನನ್ನನ್ನು ಇಳಿಸಲು ಇಬ್ಬರೂ ಬೇಕು. ಹಿಮದಲ್ಲಿ ಹತ್ತು ಜನರನ್ನು ಅವರಷ್ಟಕ್ಕೆ ಮೇಲೆ ಕಳಿಸುವಂತಿಲ್ಲ. ಎಲ್ಲರೂ ಇಳಿಯಬೇಕು ಎಂದಳು. ಕಣಿವೆ ಕಣ್ಣಿಗೆ ಕಾಣುತ್ತಿತ್ತು. ಜನ ಆಕೆಯ ಮೇಲೆ ಹರಿಹಾಯ್ದರು. ಒಬ್ಬರು, ನಿನ್ನ ಮಾತು ನಾವು ಕೇಳುವುದಿಲ್ಲ ಎಂದು ಎರಡು ಹೆಜ್ಜೆ ಮೇಲೆ ಹತ್ತಿಯೂ ಬಿಟ್ಟರು. ಆಕೆ ಅವರೊಂದಿಗೆ ವಾದಿಸಲಿಲ್ಲ. ಹಗ್ಗದ ಸುರುಳಿಯನ್ನು ಎರಡು ಪಾಲು ಮಾಡಿ, ಅದರಲ್ಲಿ ನನ್ನ ಕಾಲು ತೂರಿಸಿ, ನನ್ನನ್ನು ಕೂಸಿನಂತೆ ಬೆನ್ನಿಗೆ ಕಟ್ಟಿಕೊಂಡು ಇಳಿಯತೊಡಗಿದಳು. ಹತ್ತಿದವರು ತಾವಾಗಿ ಇಳಿದು ಬಂದರು.

ಆಕೆ ನೂರು ಹೆಜ್ಜೆ, ಪಹಾಡಿ ನೂರು ಹೆಜ್ಜೆ. ನನಗೆ ನೆನಪಿರುವುದು ಚೂರುಚೂರು. ನನ್ನ ಗದ್ದ ಆಕೆಯ ಹೆಗಲಿಗೆ ಬಡಿಯುತ್ತಿತ್ತು. ಜಡೆಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ನಿದ್ದೆ ಮಾಡಬೇಡಿ, ನಿಮ್ಮ ಮನೆಯ ಅಡ್ಡಹೆಸರೇನು, ಎಷ್ಟು ಜನ ಮೊಮ್ಮಕ್ಕಳು ಎಂದು ಆಕೆ ಏದುಸಿರಿನ ನಡುವೆಯೇ ಕೇಳುತ್ತಿದ್ದಳು. ನಾನು ಎಲ್ಲಕ್ಕೂ ಬೈಗುಳವನ್ನೇ ಉತ್ತರ ಕೊಟ್ಟೆನೆಂದು ಗೆಳೆಯ ಆಮೇಲೆ ಹೇಳಿದ. ಒಂದು ಕಡೆ ಆಕೆ ಜಾರಿ ಮೊಣಕಾಲೂರಿ ಬಿದ್ದಳು, ನನ್ನನ್ನು ಮಾತ್ರ ನೆಲಕ್ಕೆ ತಾಗಗೊಡಲಿಲ್ಲ. ಸಂಜೆಯ ಹೊತ್ತಿಗೆ ಕೆಳಗಿನ ಹಳ್ಳಿ ಮುಟ್ಟಿದೆವು.

ಮರುದಿನ ಮಧ್ಯಾಹ್ನಕ್ಕೆ ನಾನು ಎದ್ದು ಕುಳಿತು ಅನ್ನ-ಸಾರು ಉಂಡೆ. ಅಷ್ಟು ಕೆಳಗೆ ಇಳಿಸಿದರೆ ಸಾಕಂತೆ, ಮನುಷ್ಯ ಹಾಗೆ ಚೇತರಿಸಿಕೊಳ್ಳುತ್ತಾನಂತೆ. ಯಾತ್ರಿನಿವಾಸದ ಊಟದ ಕೋಣೆಯಲ್ಲಿ ಒಬ್ಬರೂ ನನ್ನೊಂದಿಗೆ ಮಾತಾಡಲಿಲ್ಲ. ಕಡೆಗೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ನೇರವಾಗಿ ಕೇಳಿದರು.

"ನಿಮ್ಮದು ಎಂಬತ್ತೇಳು ಬಂದಿತ್ತಲ್ರಿ. ನಾವೆಲ್ಲಾ ಕೇಳೀವಿ. ಎಂಬತ್ತೇಳು ಇದ್ದವರು ಹಂಗ ಹೆಂಗ ಬಿದ್ರಿ?"

ಹತ್ತು ಜನರ ಕಣ್ಣು ನನ್ನ ಮೇಲಿತ್ತು. ಅವರ ಕಣಿವೆಯನ್ನು ನಾನು ತಿಂದು ಹಾಕಿದ್ದೆ. ನಿಜ ಹೇಳಿದ್ದರೆ ಅಲ್ಲೇ ನನ್ನನ್ನು ಹರಿದು ಹಾಕುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಊರಿಗೆ ಹೋಗಿ ಗುಡ್ಡದ ಗುಂಪಿನಲ್ಲಿ ನನ್ನ ಕಥೆ ಹೇಳಿ ಜೀವಮಾನ ನಗುತ್ತಿದ್ದರು. ನಾನು ನೀರು ಕುಡಿದು ಲೋಟ ಕೆಳಗಿಟ್ಟೆ.

"ಆಕಿ ನನಗ ಮಷೀನ ಹಚ್ಚೇ ಇಲ್ಲ," ಎಂದೆ. "ಬಾಗಲದಾಗ ಕುಂತು ಬಾಯಿಗೆ ಬಂದ ಅಂಕಿ ಒದರಿ ಬರಕೊಂಡ್ಲು."

ಆ ಕೋಣೆಯ ಸಿಟ್ಟೆಲ್ಲ ನನ್ನನ್ನು ಬಿಟ್ಟು ಆಕೆಯ ಕಡೆ ತಿರುಗಿದ್ದು ನನಗೆ ಕಣ್ಣಾರೆ ಕಂಡಿತು. ಹೌದು ನನಗೂ ಅನುಮಾನವಿತ್ತು ಎಂದು ಒಬ್ಬರು, ಆಕೆಗೆ ಆಫ್ರಿಕಾಕ್ಕೆ ಹೋಗುವ ಅವಸರ ಎಂದು ಇನ್ನೊಬ್ಬರು. ಇಂಥವರ ಕೈಯಲ್ಲಿ ಜೀವ ಕೊಟ್ಟದ್ದೇ ತಪ್ಪು ಎಂದು ಮೂರನೆಯವರು. "ಇಂಥವರ" ಎಂದರೆ ಎಂಥವರು ಎಂದು ಯಾರೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ದೂರು ಬರೆಯಬೇಕು ಎಂದರು. ಕೈಬರಹ ಚೆನ್ನಾಗಿದ್ದವನು ನಾನೇ. ಅದೇ ಮೇಜಿನ ಮೇಲೆ ಬರೆದೆ. ಕಿಟಕಿಯಾಚೆ ಆಕೆ ನೆನೆದ ಹಗ್ಗಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಬಲಮೊಣಕಾಲು ಮಡಚಲು ಬರದೆ ಕಾಲನ್ನು ನೆಟ್ಟಗೆ ಚಾಚಿ ಕುಳಿತಿದ್ದಳು. ಹತ್ತು ಜನ ಸಹಿ ಮಾಡಿದರು. ಹನ್ನೊಂದನೆಯವನು ನನ್ನ ಗೆಳೆಯ. ಪೆನ್ನನ್ನು ಅವನ ಕೈಗಿಟ್ಟು ಅವನ ಮುಖವನ್ನೇ ನೋಡುತ್ತ ನಿಂತೆ. ಮಾಡಿದ.

ಬೆಳಗಾವಿಗೆ ಬಂದ ವಾರಕ್ಕೆ ಮಾಲೀಕ ಆಕೆಯನ್ನೂ ನನ್ನನ್ನೂ ಗೆಳೆಯನನ್ನೂ ಆಫೀಸಿಗೆ ಕರೆಸಿದ. ಆಕೆ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟಿದ್ದಳು. ಮಷೀನು ಹಚ್ಚಿದ್ದೇನೆ, ಅನುಮಾನ ಬಂದು ಲಿಂಗ ಮುಟ್ಟಿಸಿಯೂ ಕೇಳಿದ್ದೇನೆ ಎಂದಳು. ಮಾಲೀಕ ನನ್ನ ಕಡೆ ತಿರುಗಿದ. ಇಲ್ಲ ಎಂದೆ. ಅವನು ಗೆಳೆಯನ ಕಡೆ ತಿರುಗಿದ. ಗೆಳೆಯ ನೆಲ ನೋಡುತ್ತ, ನನಗೆ ನೆನಪಿಲ್ಲ ಎಂದ. ಮಾಲೀಕ ನಿಟ್ಟುಸಿರು ಬಿಟ್ಟು, ಆಣೆ ಮಾಡಿಸಿದ್ದು ನಿಜವೇ ಇರಲಿ, ಅನುಮಾನ ಬಂದರೆ ಮತ್ತೊಮ್ಮೆ ಮಷೀನು ಹಚ್ಚುತ್ತಾರೋ ಆಣೆ ಮಾಡಿಸುತ್ತಾರೋ ಎಂದು ಕೇಳಿದ. ಆಕೆ ನೋಟ್‌ಬುಕ್ಕನ್ನು ಮುಚ್ಚಿದಳು. ಹನ್ನೊಂದು ಸಹಿಯ ಕಾಗದ ಇಟ್ಟುಕೊಂಡು ನಿನ್ನನ್ನು ನಾನು ಎಲ್ಲಿಗೂ ಕಳಿಸಲಾರೆ ಎಂದ ಮಾಲೀಕ. ಆಕೆ ಕೊರಳಿನ ಸೀಟಿ ತೆಗೆದು ನೋಟ್‌ಬುಕ್ಕಿನ ಮೇಲಿಟ್ಟು, ಕುಂಟುತ್ತ ಮೆಟ್ಟಿಲಿಳಿದು ಹೋದಳು. ಗೋಡೆಯ ಆಫ್ರಿಕಾದ ಬೆಟ್ಟಕ್ಕೆ ಮುಂದಿನ ವರ್ಷ ಬೇರೆ ಯಾರೋ ಹೋದರು.

ಗೆಳೆಯ ಭಾನುವಾರ ಗುಡ್ಡಕ್ಕೆ ಬರುವುದನ್ನು ಬಿಟ್ಟ. ನಾನೂ ಬಿಟ್ಟೆ. ಮೂರು ವರ್ಷದ ಮೇಲೆ ಅವನಿಗೆ ಎದೆಯ ಕಾಯಿಲೆ ಬಂತು. ಖಾಸಬಾಗದ ಅವನ ಮನೆಗೆ ಹೋದೆ. ಆಸ್ಪತ್ರೆಯಿಂದ ಕಳಿಸಿಬಿಟ್ಟಿದ್ದರು. ಅವನ ಬೆರಳಿಗೂ ಅದೇ ಮಷೀನು ಹಾಕಿದ್ದರು. ಎಪ್ಪತ್ತರ ಆಸುಪಾಸಿನಲ್ಲಿ ಅಂಕಿ ಏರಿಳಿಯುತ್ತಿತ್ತು. ನಿನ್ನ ಮಗನ ಕೆಲಸದ ಮಾತೆತ್ತಿ ನಿನ್ನಿಂದ ಪಾಪ ಮಾಡಿಸಿದೆ, ತಪ್ಪಾಯಿತು ಎಂದೆ. ಅವನು ಕಣ್ಣು ತೆರೆಯದೆ ಹೇಳಿದ.

"ನನ್ನ ಮುಂದ ಯಾಕ ಅಳತಿ? ನಾ ಕೈ ಅಷ್ಟ ಕೊಟ್ಟೆ. ಹೊತ್ತಾಕಿ ಮುಂದ ಹೋಗಿ ಅಳು."

ಅವನು ತೀರಿಕೊಂಡ ಮೇಲೆ ಮಾಲೀಕನಿಗೆ ನಿಜವಾದ ಅರ್ಜಿ ಬರೆದು ನಾನೇ ಒಯ್ದು ಕೊಟ್ಟೆ. ಅವನು ನಿಂತುಕೊಂಡೇ ಓದಿ, ಆದದ್ದು ಆಗಿಹೋಯಿತು ಕಾಕಾ ಎಂದು ಡ್ರಾವರಿಗೆ ಹಾಕಿದ. ಉಳಿದ ಒಂಬತ್ತು ಜನರಿಗೂ ಫೋನ್ ಮಾಡಿ ಹೇಳಿದೆ. ಬ್ಯಾಂಕ್ ಮ್ಯಾನೇಜರ್ ಬೈದು ಫೋನಿಟ್ಟರು. ಒಬ್ಬರು ನಕ್ಕರು. ಉಳಿದವರು, ಈ ವಯಸ್ಸಿನಲ್ಲಿ ಇದನ್ನೆಲ್ಲ ಯಾಕೆ ಕೆದಕುತ್ತೀರಿ ಎಂದರು. ಮಠಕ್ಕೆ ಹೋಗಿ ಸ್ವಾಮಿಗಳ ಎದುರು, ಲಿಂಗ ಮುಟ್ಟಿ ಸುಳ್ಳಾಡಿದ್ದನ್ನು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ಹೆಣ್ಣುಮಗಳು ಎಲ್ಲಿದ್ದಾಳೆ?

ಕಳೆದ ಮಾಘದಲ್ಲಿ ಖಾನಾಪುರದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಇಳಿದ ಮೇಲೆ ಕಾಡೊಳಗೆ ಮುಕ್ಕಾಲು ತಾಸು ನಡಿಗೆ. ಆ ದಾರಿಯಲ್ಲೇ ಆಕೆ ನಮ್ಮನ್ನು ತಯಾರಿಗೆ ನಡೆಸಿದ್ದಳು. ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ. ಹೊಸ ಅರ್ಜಿಯ ಪ್ರತಿಯೂ ಇತ್ತು. ಐದಾರು ಮನೆಗಳ ವಾಡ. ಆಕೆ ಕೊಟ್ಟಿಗೆಯ ಮುಂದೆ ಎಮ್ಮೆಯ ಮೈ ತೊಳೆಯುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. ಕೊಡ ಖಾಲಿಯಾದ ಮೇಲೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತಳು. ನಡೆಯುವಾಗ ಬಲಗಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಕೂಡ್ರಿ ಎನ್ನಲಿಲ್ಲ. ನೀರು ಬೇಕೇ ಎಂದೂ ಕೇಳಲಿಲ್ಲ. ಆ ಕಡೆಯ ಬಡವರ ಮನೆಯಲ್ಲೂ ಬಂದವನಿಗೆ ಬೆಲ್ಲ-ನೀರು ಕೊಡದೆ ಮಾತು ಶುರುವಾಗುವುದಿಲ್ಲ.

ಅರ್ಜಿಯ ಪ್ರತಿ ಚಾಚಿದೆ. ಓದಿದಳು. ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ, ನನ್ನ ಕೈಗೇ ಹಿಂದಿರುಗಿಸಿದಳು.

"ಇದರಾಗ ಹೊಸಾದ ಏನೈತಿ? ಅದು ನಿಮ್ಮ ಕೈ ಅಲ್ಲಂತ ನನಗ ಅವತ್ತ ಗೊತ್ತಿತ್ತು. ದಿನಾ ಹಾಲ ಹಿಂಡಾಕಿ ನಾ. ಎಡಗೈ ಯಾವುದು, ಬಲಗೈ ಯಾವುದು, ಒಬ್ಬನ ಎರಡೂ ಕೈ ಹೆಂಗಿರತಾವು, ತಿಳಿಯೂದಿಲ್ಲೇನ?"

ಗೊತ್ತಿದ್ದರೆ ಮತ್ತೊಮ್ಮೆ ಯಾಕೆ ಮಷೀನು ಹಚ್ಚಲಿಲ್ಲ ಎಂದೆ. ಕೇಳಬಾರದಿತ್ತು, ಅದು ಮಾಲೀಕ ಕೇಳಿದ ಪ್ರಶ್ನೆ.

"ಅಷ್ಟೂ ಮಂದಿ ಅಲ್ಲೇ ಚಹಾ ಕುಡ್ಯಾಕತ್ತಿದ್ರು," ಎಂದಳು. "ಅವರ ಮುಂದ ನಿಮ್ಮ ಕೈ ಹೊರಗ ಎಳದಿದ್ರ ನಿಮ್ಮ ಮಾನಾ ಹೋಗತಿತ್ತು. ಅದಕ್ಕ ಸಣ್ಣಗ ಕೇಳಿದೆ. ನೀವೂ ಸಣ್ಣಗ ಹೂಂ ಅಂದಿದ್ರ, ಹೊಟ್ಟಿ ಕೆಟ್ಟೈತಿ ಅಂತ ಎಲ್ಲಾರಿಗೂ ಹೇಳಿ ನಿಮ್ಮನ್ನ ಕೆಳಗ ಕಳಸತಿದ್ದೆ. ಯಾರಿಗೂ ತಿಳೀತಿರಲಿಲ್ಲ. ಮುದುಕಗ ಮರ್ಯಾದಿ ಕೊಟ್ಟೆ. ಅದೊಂದ ತಪ್ಪು ನಂದು."

ಹೇಳಿ ಆಕೆ ಮನೆಯೊಳಗೆ ಹೋದಳು. ನೀರು ತರಲು ಹೋದಳೆಂದುಕೊಂಡೆ. ಜೇಬಿನ ಚೀಟಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಆಕೆ ಹೊರಬಂದಾಗ ಕೈಯಲ್ಲಿದ್ದದ್ದು ಆ ಕ್ಲಿಪ್ಪಿನ ಮಷೀನು. ಅದು ಕಂಪನಿಯದ್ದಲ್ಲ, ಆಕೆಯ ಸ್ವಂತದ್ದಂತೆ. ನನ್ನ ಬಲಗೈ ಹಿಡಿದು ಎಳೆದು, ಚೀಟಿಯಿದ್ದ ಬೆರಳುಗಳಲ್ಲಿ ಒಂದನ್ನು ಬಿಡಿಸಿ ಕಚ್ಚಿಸಿದಳು. ಕೆಂಪು ಅಂಕಿ ಮಿಣುಕಿ ನಿಂತಿತು.

"ತೊಂಬತ್ತಾರು. ಆರಾಮ ಅದೀರಿ. ನಾಕೂವರಿಗೆ ಬಸ್ಸ ಐತಿ, ಹೋಗ್ರಿ."

ಆಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅದೇ ಹಳೆಯ ಸಿಟ್ಟು, ಕರದಂಟಿನ ಡಬ್ಬಿ ತೆಗೆಸಿದ ದಿನದ್ದು. ಎಪ್ಪತ್ತು ದಾಟಿದ ನಾನು ಎರಡು ಬಸ್ಸು ಬದಲಿಸಿ, ಕಾಡು ನಡೆದು ಬಂದಿದ್ದೇನೆ; ಇವಳು ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಬೆರಳಿಗೆ ಕ್ಲಿಪ್ಪು ಹಾಕುತ್ತಾಳೆ. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಇಷ್ಟ ದೂರ ನಿನ್ನ ಮನಿ ತನಕಾ ಬಂದೀನಿ, ಒಳಗ ಬರ್ರಿ ಅನ್ನೂ ರೀತಿ ಸುದ್ದಾ ಇಲ್ಲೇನ ನಿಮ್ಮ ಮಂದ್ಯಾಗ?"

ಆಕೆ ನನ್ನ ಬೆರಳಿನಿಂದ ಮಷೀನನ್ನು ಬಿಡಿಸಿಕೊಂಡಳು.

"ಇದಕ್ಕಿಂತ ದೂರ ನಿಮ್ಮನ್ನ ಹೊತ್ತೀನಿ," ಎಂದಳು. "ಇನ್ನ ಸಾಕು."

ಕೊಟ್ಟಿಗೆಗೆ ಹೋಗಿ ಎರಡನೆಯ ಎಮ್ಮೆಯನ್ನು ಬಿಚ್ಚಿದಳು. ನಾನು ಚೀಟಿಯನ್ನು ಜೇಬಿಗೆ ಹಾಕಿಕೊಂಡು ತಿರುಗಿದೆ. ದಾರಿಯುದ್ದಕ್ಕೂ ಆಕೆಯನ್ನು ಬೈಯುತ್ತಲೇ ನಡೆದೆ. ಬಸ್ಸು ಖಾನಾಪುರ ದಾಟಿ ಬೆಳಗಾವಿಯ ರಸ್ತೆ ಹಿಡಿದ ಮೇಲೆ ಆ ಸಿಟ್ಟು ಇಳಿಯಿತು. ಇಳಿದ ಮೇಲೆ ತಿಳಿಯಿತು: ಹೋದ ಕೆಲಸವನ್ನು ನಾನು ಮಾಡಿಯೇ ಬಂದಿಲ್ಲ. ಆ ಒಂದು ಮಾತನ್ನು ಆಡಿಯೇ ಇಲ್ಲ.

ಈಗ ಮೊಣಕಾಲು ಆ ಏರು ಹತ್ತುವುದಿಲ್ಲ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದು ಮಗನನ್ನು ಕೇಳಬೇಕಾದರೆ ಯಾಕೆಂದು ಅವನಿಗೆ ಹೇಳಬೇಕು. ಅದಕ್ಕೇ ಇದನ್ನು ಬರೆದೆ. ಮೊದಲು ಅವನು ಓದಲಿ. ಗೆಳೆಯನ ಕ್ಷಮೆ ಕೇಳಿದ್ದೇನೆ, ಮಾಲೀಕನದು ಕೇಳಿದ್ದೇನೆ, ಸಹಿ ಹಾಕಿದ ಒಂಬತ್ತು ಜನರದ್ದು ಕೇಳಿದ್ದೇನೆ, ಎದೆಯ ಮೇಲಿನ ಲಿಂಗದ್ದು ದಿನಾ ಬೆಳಿಗ್ಗೆ ಕೇಳುತ್ತೇನೆ. ಇವರಲ್ಲಿ ಯಾರನ್ನು ಕೇಳಲೂ ನನಗೆ ಕಷ್ಟವಾಗಲಿಲ್ಲ. ಕೇಳದೆ ಉಳಿದಿರುವುದು ಒಬ್ಬಳನ್ನು: ಖಾನಾಪುರದ ಗೌಳಿವಾಡದ, ಎಮ್ಮೆ ಕಾಯುವವರ ಮಗಳು, ನನ್ನ ಮಾನ ಉಳಿಸಲು ಹೋಗಿ ತನ್ನ ಬೆಟ್ಟ ಕಳೆದುಕೊಂಡ ನನ್ನ ಗೈಡ್.